ಹೃದಯದ ಪದಕ ಕರಗಿಸಿ ಮಾಡಿದ ಓಲೆ

ಅದೋಸಿಂಡಳ ಕಿವಿಯಲ್ಲಿ ಓಲೆಗಳಿದ್ದವು, ಆದರೆ ಹತ್ತು ತಿಂಗಳಿಂದ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗಳು ಫೆಲಿಸ್ಮಿನಳನ್ನು ಮಣ್ಣು ಮಾಡಿ ಬಂದ ದಿನವೇ ಅವಕ್ಕೆ ಕಪ್ಪು ಬಟ್ಟೆಯ ಚೂರು ಸುತ್ತಿ, ಕಪ್ಪು ದಾರದಲ್ಲಿ ಹೊಲಿದುಕೊಂಡಿದ್ದಳು. ನಮ್ಮ ಕಡೆಯ ಹಳೆಯ ಹೆಂಗಸರು ಸಾವಾದ ಮನೆಯಲ್ಲಿ ಚಿನ್ನ ಬಿಚ್ಚಿಡುವುದಿಲ್ಲ, ಮುಚ್ಚಿಡುತ್ತಾರೆ. ಕಿವಿ ಬರಿದಾಗಿದ್ದರೂ ಸರಿಯಲ್ಲ, ಹೊಳೆದರೂ ಸರಿಯಲ್ಲ.

ಅವಳು ಅತ್ತದ್ದನ್ನು ನಮ್ಮೂರು ಸೊಬ್ರೇಲದಲ್ಲಿ ಯಾರೂ ನೋಡಿರಲಿಲ್ಲ. ಗಟ್ಟಿಗಿತ್ತಿ ಎಂದು ಕೆಲವರು, ಕಲ್ಲು ಎಂದು ಕೆಲವರು. ಎರಡೂ ಅಲ್ಲ. ಚಳಿಗಾಲದಲ್ಲಿ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತಾಸುಗಟ್ಟಲೆ ಅದ್ದಿಟ್ಟ ಕೈಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ, ಅವಳು ಇಡಿಯಾಗಿ ಹಾಗಿದ್ದಳು. ಬೆಳಗ್ಗೆ ಏಳುತ್ತಿದ್ದಳು, ಎಲೆಕೋಸಿನ ಸಾರು ಕಾಯಿಸುತ್ತಿದ್ದಳು, ಉಪ್ಪು ಹಾಕಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಹಾಕುತ್ತಿದ್ದಳು, ಆ ಉಪ್ಪುಪ್ಪು ಸಾರನ್ನೇ ಕುಡಿಯುತ್ತಿದ್ದಳು. ಆಮೇಲೆ ಕಿಟಕಿಯ ಪಕ್ಕದ ಹಲಗೆಯ ಮುಂದೆ ಕುಳಿತು ಕೆಲಸ ಹಿಡಿಯುತ್ತಿದ್ದಳು.

ಅವಳದು ಒಡವೆ ತುಂಬುವ ಕೆಲಸ. ಗಂಡಸರು ಅಕ್ಕಸಾಲೆಯಲ್ಲಿ ದಪ್ಪ ತಂತಿ ಬಗ್ಗಿಸಿ ಒಡವೆಯ ಹೊರಗಿನ ಕಟ್ಟು ಮಾಡಿ ಕೊಡುತ್ತಾರೆ. ಅದು ಬರೀ ಅಂಚು, ಒಳಗೆಲ್ಲ ಟೊಳ್ಳು. ಹೆಂಗಸರು ಅದನ್ನು ಮನೆಗೆ ತಂದು, ಎರಡೆಳೆ ಹೊಸೆದು ಚಪ್ಪಟೆ ಮಾಡಿದ ಕೂದಲಿನಂಥ ಚಿನ್ನದ ತಂತಿಯನ್ನು ಚಿಮಟದಲ್ಲಿ ಸುರುಳಿ ಸುತ್ತಿ ಸುತ್ತಿ ಆ ಟೊಳ್ಳನ್ನು ತುಂಬುತ್ತಾರೆ. ಬೆಸುಗೆ ಬೀಳುವ ತನಕ ಸುರುಳಿಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲಬೇಕು. ಅದೋಸಿಂಡ ಚಿಮಟ ಹಿಡಿದದ್ದು ಒಂಬತ್ತನೆಯ ವಯಸ್ಸಿಗೆ, ಈಗ ಅವಳಿಗೆ ಅರವತ್ತೆಂಟು. ಕಣ್ಣು ಮುಚ್ಚಿಕೊಂಡು ತುಂಬಬಲ್ಲಳು ಎಂದು ಊರು ಹೇಳುತ್ತಿತ್ತು. ಎಡಗೈಯ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ. ಅಕ್ಕಸಾಲೆ ಕೊಟ್ಟ ತಂತಿಯ ಸುರುಳಿ ಇರುವುದು ಅದರಲ್ಲೇ. ಡಬ್ಬಿ ಬದಲಾಗಿತ್ತು, ಕಿಟಕಿ ಬದಲಾಗಿತ್ತು, ಡಬ್ಬಿಯ ಜಾಗ ಮಾತ್ರ ಬದಲಾಗಿರಲಿಲ್ಲ.

ಏಪ್ರಿಲ್ಲಿನ ಒಂದು ಭಾನುವಾರ ಮೊಮ್ಮಗಳು ಇವೊನ್ ಬ್ರಾಗಾ ನಗರದಿಂದ ಬಂದಳು. ಫೆಲಿಸ್ಮಿನಳ ಒಬ್ಬಳೇ ಮಗಳು. ಮೇ ತಿಂಗಳಲ್ಲಿ ಅವಳ ಮದುವೆ. ತಾಯಿ ಹೋದದ್ದಕ್ಕೆ ಒಂದು ಸಲ ಮುಂದಕ್ಕೆ ಹಾಕಿದ್ದ ಮದುವೆ. ಪಕ್ಕದ ಮನೆಯ ಲುದೊವಿನಳೂ ತನ್ನ ಕೆಲಸ ತಂದುಕೊಂಡು ಕಿಟಕಿಯ ಇನ್ನೊಂದು ಬದಿಯಲ್ಲಿ ಕುಳಿತಿದ್ದಳು. ಭಾನುವಾರ ಕೆಲಸ ಮಾಡಿದರೆ ಪಾಪ ಎಂದು ಹೇಳುತ್ತಲೇ ಮಾಡುವವಳು ಅವಳು.

ಇವೊನ್ ಕೈಚೀಲದಿಂದ ಒಂದು ಪೆಟ್ಟಿಗೆ ತೆಗೆದು ಹಲಗೆಯ ಮೇಲಿಟ್ಟಳು. ಒಳಗೆ ಅಂಗೈಯಗಲದ ಚಿನ್ನದ ಹೃದಯ. ಫೆಲಿಸ್ಮಿನಳ ಮದುವೆಗೆ ಅದೋಸಿಂಡಳೇ ತುಂಬಿದ್ದು. ಪ್ರತಿ ಆಗಸ್ಟಿನ ಇಗರ್ಜಿ ಹಬ್ಬಕ್ಕೂ ಫೆಲಿಸ್ಮಿನ ಅದನ್ನು ಎದೆಯ ಮೇಲೆ ಹಾಕಿಕೊಂಡೇ ಮೆರವಣಿಗೆಯಲ್ಲಿ ನಡೆದದ್ದು.

“ಅಜ್ಜೀ, ಬೈಬೇಡ. ಒಂದು ಮಾತು ಕೇಳ್ಬೇಕು.”

“ಬೈಯೋಕೆ ಮೈಯಲ್ಲಿ ಶಕ್ತಿ ಎಲ್ಲಿದೆ? ಕೇಳು.”

“ಇದನ್ನ ಹಾಕ್ಕೊಂಡು ನಾನೆಲ್ಲಿಗೆ ಹೋಗ್ಲಿ? ಬ್ರಾಗಾದಲ್ಲಿ ಇದನ್ನ ಹಾಕ್ಕೊಂಡು ಬೀದಿಗೆ ಇಳಿದ್ರೆ ಯಾವ ಕುಣಿತದ ತಂಡದವಳು ಇವಳು ಅಂತಾರೆ. ಬೀರುವಿನಲ್ಲಿ ಬಿದ್ದಿರುತ್ತೆ. ಬೀರು ತೆಗೆದಾಗಲೆಲ್ಲ ಅಮ್ಮನ್ನ ಪೆಟ್ಟಿಗೇಲಿ ಇಟ್ಟು ಮುಚ್ಚಿದ ಹಾಗೆ ಅನ್ಸುತ್ತೆ. ಕರಗಿಸಿ ಒಂದು ಜೊತೆ ಓಲೆ ಮಾಡಿಸೋಣ. ಮದುವೆ ದಿನ ಹಾಕ್ಕೊಂಡ್ರೆ ಆಮೇಲೆ ತೆಗೆಯೋದೇ ಬೇಡ.”

“ಕರಗಿಸೋದಾ!” ಲುದೊವಿನ ಚಿಮಟ ಕೆಳಗಿಟ್ಟಳು. “ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನಿಮ್ಮಜ್ಜಿ ಹದಿನೇಳು ದಿನ ತುಂಬಿದ ಹೃದಯ ಕಣೇ ಅದು. ನಾನು ಪಕ್ಕದಲ್ಲೇ ಕೂತಿದ್ದೆ.”

“ನೀವು ಕೂತಿದ್ರಿ ಅಂತ ನಾನು ಅದನ್ನ ಬೀರುವಿನಲ್ಲಿ ಇಡೋಕೆ ಆಗುತ್ತಾ, ಲುದೊವಿನತ್ತೆ?”

ಇಬ್ಬರೂ ಅದೋಸಿಂಡಳ ಮುಖ ನೋಡಿದರು. ಅವಳು ಹೃದಯವನ್ನು ಎತ್ತಿ ಬೆಳಕಿಗೆ ಹಿಡಿದಳು. ಕೆಲಸ ಚೆನ್ನಾಗಿತ್ತು. ಅಷ್ಟೇ ಅನ್ನಿಸಿತು.

“ಆಗಲಿ,” ಎಂದಳು.

ಆದರೆ ಇವೊನ್ ಹೊರಟು ನಿಂತಾಗ ಒಂದು ಮಾತು ಕೇಳಿದಳು. “ಅಜ್ಜೀ, ಅಮ್ಮನ ಚಿನ್ನಾನೇ ತಾನೇ ಬರೋದು? ಅದೇ ಚಿನ್ನ?”

ಈ ಪ್ರಶ್ನೆಗೆ ಉತ್ತರ ಅದೋಸಿಂಡಳಿಗೆ ಗೊತ್ತಿತ್ತು. ಹಳೆಯ ಒಡವೆ ತಂದವರೆಲ್ಲ ಕೇಳುವ ಪ್ರಶ್ನೆ ಅದು. ಊರಿನ ರೂಢಿ ಏನೆಂದರೆ ಹಳೆಯದನ್ನು ತೂಗಿ ಇಟ್ಟುಕೊಳ್ಳುವುದು, ಶುದ್ಧಿಗೆಂದು ಪೋರ್ಟೋ ನಗರಕ್ಕೆ ಎಲ್ಲರದನ್ನೂ ಒಟ್ಟಿಗೆ ಕಳಿಸುವುದು, ಹೊಸದನ್ನು ಅಕ್ಕಸಾಲೆಯಲ್ಲಿ ಇರುವ ತಂತಿಯಿಂದಲೇ ಮಾಡಿಕೊಡುವುದು. ಮೋಸವೇನಲ್ಲ, ತೂಕಕ್ಕೆ ತೂಕ ಸರಿ ಇರುತ್ತದೆ. ಆದರೆ ಅಜ್ಜಿಯ ಸರದ ಚಿನ್ನವೇ ತನ್ನ ಬೆರಳಿನಲ್ಲಿದೆ ಎಂದುಕೊಂಡ ಹೆಂಗಸಿನ ಬೆರಳಿನಲ್ಲಿ ಯಾರ ಅಜ್ಜಿ ಇರುತ್ತಾಳೋ ದೇವರಿಗೇ ಗೊತ್ತು.

“ಅದೇ ಚಿನ್ನ,” ಎಂದಳು ಅದೋಸಿಂಡ.

ಮರುದಿನ ಅವಳು ಬೆಲ್ಮಿರುವಿನ ಅಕ್ಕಸಾಲೆಗೆ ಹೋದಳು. ಬೆಲ್ಮಿರು ಫೆಲಿಸ್ಮಿನಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಮಗುವಿನ ಮೊದಲ ಓಲೆ ಅವನೇ ಕೊಟ್ಟದ್ದು. ಹಾಗಾಗಿ ಅವನಿಗೆ ಇವಳು ಕೊಮಾದ್ರೆ, ಇವಳಿಗೆ ಅವನು ಕೊಂಪಾದ್ರೆ. ಅಕ್ಕತಂಗಿ ಅಣ್ಣತಮ್ಮಂದಿರಿಗಿಂತ ಒಂದು ತೂಕ ಹೆಚ್ಚಿನ ನಂಟು.

“ಬೇರೆಯಾಗಿ ಕರಗಿಸಬೇಕು, ಕೊಂಪಾದ್ರೆ. ಬೇರೇದು ಒಂದು ಕಣ ಸೇರಬಾರದು.”

ಬೆಲ್ಮಿರು ಕನ್ನಡಕ ಹಣೆಗೆ ಏರಿಸಿದ. “ಚಿನ್ನ ಅಂದ್ರೆ ಚಿನ್ನ, ಅದಕ್ಕೆ ಹೆಸರಿರಲ್ಲ ಅಂತ ಗಿರಾಕಿಗಳಿಗೆ ನೀನೇ ಹೇಳ್ತಿದ್ದೆಯಲ್ಲ ಕೊಮಾದ್ರೆ? ಅಳೋರನ್ನೆಲ್ಲ ನಿನ್ನ ಹತ್ರಾನೇ ಕಳಿಸ್ತಿದ್ದೆ ನಾನು.”

“ಹೇಳ್ತಿದ್ದೆ. ಅವರದ್ದು ಯಾರು ಸತ್ತಿದ್ರೋ ಏನೋ, ನಾನು ಕೇಳಿರ್ಲಿಲ್ಲ.”

ಅವನು ಕನ್ನಡಕವನ್ನು ಮತ್ತೆ ಕಣ್ಣಿಗೆ ಇಳಿಸಿದ. ಚಿನ್ನ ಕರಗಿಸುವ ಮೂಸೆಯನ್ನು ಕೆರೆದು ಒರೆಸಿದ. “ನೋಡ್ತೀಯಾ, ಆಚೆ ಹೋಗ್ತೀಯಾ?”

“ನೋಡ್ತೀನಿ.”

ಹೃದಯವನ್ನು ಕತ್ತರಿಯಲ್ಲಿ ನಾಲ್ಕು ಮಾಡಿ ಮೂಸೆಗೆ ಹಾಕಿದ. ಬೆಂಕಿ ತಗುಲಿದ್ದೇ ಸುರುಳಿಗಳು ಒಣಗಿದ ಎಲೆಯ ಹಾಗೆ ಮುದುರಿದವು, ಕುಸಿದವು, ಒಂದು ಗುಂಡಗಿನ ಹನಿಯಾದವು. ಹದಿನೇಳು ದಿನದ್ದು ಒಂದು ನಿಮಿಷದಲ್ಲಿ ಮುಗಿಯಿತು. ಏನಾದರೂ ಆಗುತ್ತದೇನೋ ಎಂದು ಅವಳು ಕಾದಳು. ಬೆಲ್ಮಿರುವಿನ ಎಡಗಾಲಿನ ಬೂಟಿನ ದಾರ ಬಿಚ್ಚಿಹೋಗಿರುವುದು ಕಂಡಿತು, ಬೇರೇನೂ ಆಗಲಿಲ್ಲ.

“ದಾರ ಕಟ್ಟಿಕೋ. ಬೀಳ್ತೀಯ,” ಎಂದಳು.

ಕೆಲಸ ಸಲೀಸಾಗಿ ಆಗಲಿಲ್ಲ. ಹನಿಯನ್ನು ಸಣ್ಣ ಕಡ್ಡಿಯಾಗಿ ಎರೆದು ಎರಡು ಉಕ್ಕಿನ ಉರುಳೆಗಳ ಮಧ್ಯೆ ಒತ್ತಿದರೆ ಅದು ಒಣ ರೊಟ್ಟಿಯ ಹಾಗೆ ಸೀಳಿತು. ಹಳೆಯ ಕುಸುರಿಯ ತುಂಬ ಬೆಸುಗೆ ಇರುತ್ತದೆ; ಕರಗಿದಾಗ ಆ ಬೆಸುಗೆಯೂ ಚಿನ್ನದಲ್ಲಿ ಸೇರಿ ಅದನ್ನು ಬಿರುಸು ಮಾಡುತ್ತದೆ. ಎರಡನೆಯ ಸಲವೂ ಸೀಳಿತು. ಬುಧವಾರ ಬೆಲ್ಮಿರು ಅವಳನ್ನು ಕರೆಸಿದ.

“ಸ್ವಲ್ಪ ಅಪ್ಪಟ ಚಿನ್ನ ಸೇರಿಸ್ಲೇಬೇಕು ಕೊಮಾದ್ರೆ. ಇಲ್ದಿದ್ರೆ ತಂತಿ ಎಳೆಯೋಕಾಗಲ್ಲ, ಸರ್ಕಾರದ ಮುದ್ರೇನೂ ಬೀಳಲ್ಲ. ಏನಂತೀಯ?”

ಅವಳಿಗೆ ಹುಳಿಹಿಟ್ಟು ನೆನಪಾಯಿತು. ಮನೆಯಲ್ಲಿ ಪ್ರತಿ ವಾರ ರೊಟ್ಟಿಗೆ ನಾದುವಾಗ ಹಿಂದಿನ ವಾರದ ಹುಳಿಹಿಟ್ಟಿನ ಒಂದು ಮುದ್ದೆಯನ್ನು ಹೊಸ ಹಿಟ್ಟಿಗೆ ಸೇರಿಸುತ್ತಿದ್ದಳು. ಅವಳ ತಾಯಿಯೂ ಸೇರಿಸುತ್ತಿದ್ದಳು. ಹಿಟ್ಟು ಹೊಸದಾದರೂ ಅದು ತಾಯಿಯ ಹಿಟ್ಟೇ.

“ಹುಳಿಹಿಟ್ಟಿಗೆ ಸೇರಿಸ್ತೀವಲ್ಲ, ಅಷ್ಟು ಸೇರಿಸು,” ಎಂದಳು. “ಹೆಚ್ಚು ಬೇಡ.”

ಈ ಸಲ ಕಡ್ಡಿ ಸೀಳಲಿಲ್ಲ. ಬೆಲ್ಮಿರು ಅದನ್ನು ತೂತುಗಳ ಉಕ್ಕಿನ ಪಟ್ಟಿಯಲ್ಲಿ ಒಂದು ತೂತಿನಿಂದ ಇನ್ನೂ ಸಣ್ಣ ತೂತಿಗೆ ಎಳೆಯುತ್ತ ಹೋದ, ಕೂದಲಿನಷ್ಟು ಆಗುವ ತನಕ ಎಳೆದ. ತಂತಿ ಇನ್ನೂ ದಪ್ಪವಿದ್ದಾಗ ಕತ್ತರಿಸಿಟ್ಟ ತುಂಡಿನಲ್ಲಿ ಎರಡು ಓಲೆಗಳ ಕಟ್ಟು ಮಾಡಿದ. ಕಟ್ಟುಗಳನ್ನೂ ತುಂಬುವ ತಂತಿಯ ಸುರುಳಿಯನ್ನೂ ಒಂದು ಬಿಳಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಅವಳ ಕೈಗಿಟ್ಟ.

“ತಗೋ. ನನ್ನ ಧರ್ಮದ ಮಗಳು. ಒಂದು ಕಣ ಹೊರಗಿಂದು ಬಂದಿಲ್ಲ, ಆ ಹುಳಿಹಿಟ್ಟು ಬಿಟ್ಟು.”

ಮನೆಗೆ ಬಂದು ಅದೋಸಿಂಡ ಕಟ್ಟುಗಳನ್ನು ಹಲಗೆಯ ಮೇಲಿಟ್ಟಳು. ತಂತಿಯನ್ನು ಹಲಗೆಯ ಮೇಲಿಟ್ಟರೆ ಡಬ್ಬಿಯ ತಂತಿಯ ಜೊತೆ ಬೆರೆತೀತು ಎಂದು ಕರವಸ್ತ್ರದ ಸಮೇತ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಕುಳಿತಳು.

ಮೂರು ದಿನ ತುಂಬಿದಳು. ಲುದೊವಿನ ಎದುರು ಕುಳಿತು ಪಾದ್ರಿಯ ಹೊಸ ಕಾರಿನ ವಿಷಯ ಹೇಳಿದಳು. “ಕೆಂಪು ಬಣ್ಣ ಕಣೇ! ಪಾಪ ನಿವೇದನೆಗೆ ಹೋದ್ರೆ ಮೊದಲು ಅವರ ಪಾಪ ಕೇಳ್ಬೇಕು ನಾವು.” ಅದೋಸಿಂಡ ಹೂಂ ಎಂದಳು. ಟೀವಿಯಲ್ಲಿ ಯಾರೋ ಮೀನು ಬೇಯಿಸಿದರು. ಹೊರಗೆ ದ್ರಾಕ್ಷಿ ಬಳ್ಳಿ ಚಿಗುರಿತ್ತು. ಚಿಗುರಿದೆ ಎಂದು ಕಂಡಿತು. ಕೈ ಚಿಮಟ ಹಿಡಿಯಿತು, ಎಳೆಯಿತು, ಸುತ್ತಿತು, ಕತ್ತರಿಸಿತು, ಕೂರಿಸಿತು. ಸುರುಳಿಯ ಪಕ್ಕ ಸುರುಳಿ ಅಚ್ಚಿನಲ್ಲಿ ತೆಗೆದ ಹಾಗೆ ಕುಳಿತುಕೊಂಡಿತು. ಶನಿವಾರ ತುಂಬಿದ್ದನ್ನು ಬೆಲ್ಮಿರುವಿಗೆ ಕೊಟ್ಟು ಬಂದಳು.

ಸೋಮವಾರ ಬಟ್ಟೆಯ ದಿನ. ತೊಟ್ಟಿಯ ಹತ್ತಿರ ಏಪ್ರನ್ನಿನ ಜೇಬು ಬರಿದು ಮಾಡುವಾಗ ಕೈಗೆ ಗಂಟು ಸಿಕ್ಕಿತು. ಬಿಚ್ಚಿದಳು. ಬೆಲ್ಮಿರು ಕೊಟ್ಟಷ್ಟೇ ತಂತಿ, ಒಂದು ಎಳೆಯೂ ಕತ್ತರಿಸದೆ ಹಾಗೇ ಇತ್ತು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಡಗೈ ತನ್ನಷ್ಟಕ್ಕೆ ತಾನು ಡಬ್ಬಿಗೆ ಹೋಗಿತ್ತು. ಅರವತ್ತು ವರ್ಷದಿಂದ ಹೋಗುತ್ತಿದ್ದ ಹಾದಿಯಲ್ಲೇ ಹೋಗಿತ್ತು. ಕಟ್ಟು ಮಗಳದು, ಒಳಗೆ ತುಂಬಿದ್ದೆಲ್ಲ ಯಾರ್ಯಾರದೋ.

ಒದ್ದೆ ಕೈಯಲ್ಲೇ ಅಕ್ಕಸಾಲೆಗೆ ಹೋದಳು. ಬೆಲ್ಮಿರು ಬೆಸುಗೆ ಮುಗಿಸಿ ತೊಳೆದು ಹೊಳಪು ಕೊಟ್ಟು ಇಟ್ಟಿದ್ದ. ಕರವಸ್ತ್ರವನ್ನು ನೋಡಿದ, ಅವಳನ್ನು ನೋಡಿದ, ಬಾಗಿಲು ಮುಚ್ಚಿ ಬಂದ.

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ. ಕಟ್ಟು ಅವಳದ್ದೇ ಅಲ್ವಾ? ಹೊಟ್ಟೆ ಒಳಗೆ ಏನಿದೆ ಅಂತ ಯಾರು ನೋಡ್ತಾರೆ? ಇಷ್ಟು ಚೆನ್ನಾಗಿ ನೀನು ಹತ್ತು ವರ್ಷದಲ್ಲಿ ತುಂಬಿಲ್ಲ ಕೊಮಾದ್ರೆ. ನೋಡು, ಒಂದು ಸುರುಳಿ ಆಚೆ ಈಚೆ ಇಲ್ಲ.”

ಹೌದು, ಇರಲಿಲ್ಲ. ಅವಳು ಪೆಟ್ಟಿಗೆ ತೆಗೆದುಕೊಂಡು ಮನೆಗೆ ಬಂದಳು. ಹೇಳಬಾರದು ಎಂದು ನಿಶ್ಚಯ ಮಾಡಿದಳು ಎಂದೂ ಅಲ್ಲ. ನಿಶ್ಚಯ ಮಾಡುವುದಕ್ಕೂ ಒಳಗೆ ಯಾರಾದರೂ ಇರಬೇಕಲ್ಲ.

ಮದುವೆಗೆ ಎರಡು ವಾರ ಇದೆ ಎನ್ನುವಾಗ ಇವೊನ್ ಬಂದಳು. ಬಾಗಿಲಲ್ಲೇ ಕೈ ಚಾಚಿದಳು. ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತು ಓಲೆ ಹಾಕಿಕೊಂಡು, ತಲೆ ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ಎರಡೂ ಓಲೆಗಳನ್ನು ಬೆರಳಿನಲ್ಲಿ ಹಿಡಿದುಕೊಂಡು, ಕನ್ನಡಿಯಲ್ಲಿ ಬೇರೆ ಯಾರೋ ಇದ್ದಾರೆ ಎನ್ನುವ ಹಾಗೆ ಮೆಲ್ಲಗೆ ಹೇಳಿದಳು:

“ನೋಡಮ್ಮಾ, ಈಗ ನನ್ನ ಕಿವೀಲೇ ಇದ್ದೀಯ. ನಾನು ಮಾತಾಡಿದ್ದೆಲ್ಲ ಕೇಳಿಸುತ್ತೆ ನಿಂಗೆ.”

ಸಾರು ಕಲಕುತ್ತಿದ್ದ ಅದೋಸಿಂಡ ಸೌಟು ಬಿಟ್ಟಳು.

“ಅವಳಲ್ಲ ಅದು,” ಎಂದಳು.

“ಏನಜ್ಜೀ?”

“ಅಂಚು ಅವಳದು. ತುಂಬಿದ್ದು ಅವಳದಲ್ಲ. ಡಬ್ಬಿಯ ತಂತಿ ಹಾಕಿಬಿಟ್ಟೆ. ನನಗೇ ಗೊತ್ತಾಗ್ಲಿಲ್ಲ, ಇವೊನ್. ಮೂರು ದಿನ ಕೂತು ತುಂಬಿದೆ, ಗೊತ್ತಾಗ್ಲಿಲ್ಲ.” ಏಪ್ರನ್ನಿನ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟಳು. “ಇಲ್ಲಿದ್ದಾಳೆ ನಿಮ್ಮಮ್ಮ.”

ಇವೊನ್ ಗಂಟು ಬಿಚ್ಚಿ ನೋಡಿದಳು. ಒಲೆಯ ಮೇಲೆ ಸಾರು ಉಕ್ಕಿತು, ಯಾರೂ ಇಳಿಸಲಿಲ್ಲ. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಾಳೆ ಎಂದುಕೊಂಡಳು ಅದೋಸಿಂಡ. ಹುಡುಗಿ ನಗುತ್ತಿದ್ದಳು.

“ಮತ್ತೆ ಮರೆತೆಯಾ? ಅಯ್ಯೋ ಅಜ್ಜೀ! ಮತ್ತೆ ಮರೆತೆಯಾ ಅವಳನ್ನ?”

ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅದು. ಫೆಲಿಸ್ಮಿನಳಿಗೆ ಐದು ವರ್ಷವಾಗಿದ್ದಾಗ ಅದೋಸಿಂಡ ಅವಳನ್ನು ಗುರುವಾರದ ಸಂತೆಗೆ ಕರೆದುಕೊಂಡು ಹೋಗಿದ್ದಳು. ಅದೇ ದಾರಿಯಲ್ಲಿ ತಂತಿಯನ್ನೂ ತರಬೇಕಿತ್ತು. ಬಸ್ಸು ಸೊಬ್ರೇಲಕ್ಕೆ ಬಂದು ನಿಂತು, ಇಳಿದು ನೋಡಿದರೆ ತೊಡೆಯ ಮೇಲೆ ತಂತಿಯ ಡಬ್ಬಿ ಭದ್ರವಾಗಿತ್ತು, ಮಗು ಇರಲಿಲ್ಲ. ಓಡಿ, ಗಾಡಿ ಹತ್ತಿ, ಮತ್ತೆ ಓಡಿ ಸಂತೆಗೆ ಹೋದರೆ ಮಗು ಆಲೂಗಡ್ಡೆಯ ಮೂಟೆಯ ಮೇಲೆ ಕುಳಿತು ಯಾರೋ ಕೊಟ್ಟ ರೊಟ್ಟಿ ತಿನ್ನುತ್ತಿತ್ತು. ತಾಯಿಯನ್ನು ನೋಡಿ ಕೇಳಿತ್ತು: “ಡಬ್ಬಿ ಮರೀಲಿಲ್ಲ ತಾನೇ ಅಮ್ಮಾ?” ದೊಡ್ಡವಳಾದ ಮೇಲೆ ಫೆಲಿಸ್ಮಿನ ಅದನ್ನು ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಹೇಳಿ ತಾಯಿಯನ್ನು ರೇಗಿಸುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲೂ ಒಮ್ಮೆ ಹೇಳಿದ್ದಳು.

“ಡಬ್ಬಿ ಮಾತ್ರ ಮರೀಲಿಲ್ಲ,” ಎಂದಳು ಅದೋಸಿಂಡ. ಅವಳ ದನಿ ಅವಳಿಗೇ ಬೇರೆ ಕಡೆಯಿಂದ ಬಂದ ಹಾಗೆ ಕೇಳಿಸಿತು.

ಇವೊನ್ ಕಣ್ಣು ಒರೆಸಿಕೊಂಡಳು. ನಗು ಯಾವಾಗಲೋ ಬೇರೆಯದಾಗಿತ್ತು. ಓಲೆ ಬಿಚ್ಚಿ ಕರವಸ್ತ್ರದ ಮೇಲಿಟ್ಟಳು. “ಆವಾಗ ಏನ್ ಮಾಡಿದೆ?”

“ವಾಪಸ್ ಹೋಗಿ ಕರ್ಕೊಂಡು ಬಂದೆ.”

“ಮತ್ತಿನ್ನೇನು. ಹೋಗಿ ಕರ್ಕೊಂಡು ಬಾ.”

ಬೆಲ್ಮಿರು ಗೊಣಗಿದ. ಬೆಸುಗೆ ಬಿದ್ದ ಕುಸುರಿಯನ್ನು ಬಿಚ್ಚಲಾಗುವುದಿಲ್ಲ, ಕೊಯ್ದೇ ತೆಗೆಯಬೇಕು. ಕಟ್ಟು ಹಾಳಾಗದ ಹಾಗೆ ಒಳಗಿನದನ್ನು ಕೂದಲಿನಂಥ ಗರಗಸದಲ್ಲಿ ಕತ್ತರಿಸಿ, ಒಳ ಅಂಚನ್ನು ಅರದಲ್ಲಿ ಉಜ್ಜಿ ನಯ ಮಾಡಬೇಕು. “ನಲವತ್ತು ವರ್ಷದಲ್ಲಿ ಕೆಟ್ಟ ಕೆಲಸ ಎಷ್ಟೋ ಕೊಯ್ದಿದ್ದೀನಿ ಕೊಮಾದ್ರೆ. ಒಳ್ಳೇ ಕೆಲಸ ಕೊಯ್ತಾ ಇರೋದು ಇದೇ ಮೊದಲು.” ಆದರೂ ಕೊಯ್ದ.

ಅದೋಸಿಂಡ ಡಬ್ಬಿಯನ್ನು ಎತ್ತಿ ಲುದೊವಿನಳ ಮಡಿಲಿಗೆ ಇಟ್ಟಳು. “ಇದು ನಿನ್ನ ಮನೇಲಿರಲಿ. ನಾನು ಕೇಳಿದ್ರೂ ಕೊಡ್ಬೇಡ.”

“ಕುಡುಕರು ಹೆಂಡದ ಬಾಟಲಿ ಕೊಟ್ಟ ಹಾಗೆ ಕೊಡ್ತೀಯಲ್ಲೇ!” ಎಂದಳು ಲುದೊವಿನ. ಆದರೆ ಡಬ್ಬಿ ಒಯ್ದಳು.

ಕರವಸ್ತ್ರವನ್ನು ಹಲಗೆಯ ಮೇಲೆ ಹಾಸಿ ಅದೋಸಿಂಡ ತಂತಿಯ ತುದಿಯನ್ನು ಚಿಮಟದಲ್ಲಿ ಹಿಡಿದಳು. ಎಡಗೈ ಡಬ್ಬಿ ಇದ್ದ ಜಾಗಕ್ಕೆ ಹೋಯಿತು; ಬರಿಯ ಮರ ಸಿಕ್ಕಿತು; ಹಿಂದಕ್ಕೆ ಬಂತು. ಮೊದಲ ಸುರುಳಿ ಮುರಿಯಿತು. ಎರಡನೆಯದನ್ನು ಸುತ್ತುವಾಗ ಎಷ್ಟು ಸುತ್ತು ಹಾಕಬೇಕು ಎಂದು ಎಣಿಸಬೇಕಾಯಿತು. ಒಂಬತ್ತನೆಯ ವಯಸ್ಸಿನ ಮೇಲೆ ಅವಳು ಸುತ್ತು ಎಣಿಸಿದ್ದೇ ಇಲ್ಲ. ಎರಡು ದಿನದಲ್ಲಿ ಅರ್ಧ ಓಲೆ ಆಯಿತು. ಬೆರಳ ತುದಿ ನೋಯುತ್ತಿತ್ತು. ನೋಯುತ್ತಿದೆ ಎಂದು ಗೊತ್ತಾದಾಗ ಅವಳು ಚಿಮಟ ಕೆಳಗಿಟ್ಟು ಆ ಬೆರಳನ್ನು ಸ್ವಲ್ಪ ಹೊತ್ತು ನೋಡಿದಳು, ಮತ್ತೆ ಎತ್ತಿಕೊಂಡಳು. ಎಂಟನೆಯ ದಿನ ಮುಗಿಯಿತು.

ಬೆಲ್ಮಿರು ಮಸೂರದಲ್ಲಿ ನೋಡಿದ. ಇನ್ನೊಮ್ಮೆ ನೋಡಿದ.

“ಯಾರು ತುಂಬಿದ್ದು ಇದನ್ನ?”

“ನಾನೇ.”

“ಕಲಿಯೋ ಹುಡುಗಿ ಕೆಲಸದ ಹಾಗಿದೆ. ಇಲ್ಲಿ ಬಿಗಿ, ಇಲ್ಲಿ ಸಡಿಲ... ಇನ್ನೂ ಬೆಸುಗೆ ಹಾಕಿಲ್ಲ, ಬೇಕಾದ್ರೆ ಬಿಚ್ಚಿ ಮತ್ತೆ ತುಂಬು.”

“ಬೇಡ. ಹಾಕು ಬೆಸುಗೆ.”

ಮದುವೆಯ ದಿನ ಇವೊನ್ ಇಗರ್ಜಿಯ ಬಾಗಿಲಲ್ಲಿ ಒಮ್ಮೆ ತಿರುಗಿ ಅಜ್ಜಿಯನ್ನು ಹುಡುಕಿದಳು. ಅದೋಸಿಂಡ ಕಪ್ಪು ಉಡುಪಿನಲ್ಲಿ, ಕಪ್ಪು ಸುತ್ತಿದ ಓಲೆಗಳಲ್ಲಿ ಬಾಗಿಲ ಕಡೆಯಿಂದ ಮೂರನೆಯ ಸಾಲಿನಲ್ಲಿದ್ದಳು. ಇವತ್ತೊಂದು ದಿನ ಓಲೆಯ ಮೇಲಿನ ಆ ಬಟ್ಟೆ ಬಿಚ್ಚು ಎಂದು ಇಬ್ಬರು ಮೂವರು ಹೇಳಿದ್ದರು, ಅವಳು ಬಿಚ್ಚಿರಲಿಲ್ಲ. ಬಾಗಿಲಿನ ಬಿಸಿಲು ಹುಡುಗಿಯ ಕಿವಿಯ ಹಿಂದಿನಿಂದ ಬಂದು ಓಲೆಗಳ ಮೂಲಕ ಹಾಯಿತು.

ತುಂಬುವವರ ಕಣ್ಣು ಬೇರೆ. ಪಕ್ಕದಲ್ಲಿದ್ದ ಲುದೊವಿನ ಮೊಣಕೈಯಲ್ಲಿ ತಿವಿದಳು.

“ಎಡಗಡೆದ್ರಲ್ಲಿ, ಕೆಳಗಿಂದ ಮೂರನೇ ಸುರುಳಿ ಸಡಿಲ ಇದೆಯಲ್ಲೇ.”

“ಗೊತ್ತು,” ಎಂದಳು ಅದೋಸಿಂಡ. ಯಾವ ಸುರುಳಿ ಎಲ್ಲಿದೆ ಎಂದು ಈ ಸಲ ಅವಳಿಗೆ ಒಂದೊಂದೂ ಗೊತ್ತಿತ್ತು.